ನೋಲೀನಳ ಹದಿನಾರು

ರೊಟೊಟೂನ, ಹ್ಯಾಮಿಲ್ಟನ್
ಜುಲೈ 2, ಬುಧವಾರ

ಸಂಯುಕ್ತಕ್ಕಾ, ನನ್ನ ಬಂಗಾರದ ಅಕ್ಕಾ,

ನಿನ್ನ ಎರಡೂ ಕೆನ್ನೆಗೆ ಮುತ್ತು. ಪೂರ್ವಿಗೆ ಎಷ್ಟು ಬೇಕೋ ಅಷ್ಟು ನನ್ನ ಪರವಾಗಿ ನೀನೇ ಕೊಡು, ಆದರೆ ಆ ಹುಡುಗಿ ಒರೆಸಿಕೊಳ್ಳದಂತೆ ನೋಡಿಕೋ. ಭಾವನಿಗೆ ನಮಸ್ಕಾರ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ, ಬೈಯಬೇಡ. ದಿನಾ ಬರೆಯಬೇಕು ಅಂದುಕೊಳ್ಳುತ್ತೇನೆ, ಆಮೇಲೆ ಫೋನಿನಲ್ಲಿ ಒಂದು ಕೆಂಪು ಹೃದಯ ಕಳಿಸಿ ಸುಮ್ಮನಾಗುತ್ತೇನೆ. "ಹೃದಯ ಸಾಕವಾ, ಎರಡ ಸಾಲು ಕನ್ನಡ ಬರಿ" ಅಂತ ಕಾಗದದಲ್ಲಿ ಬರೆದಿದ್ದೆಯಲ್ಲ, ಅದನ್ನು ಓದಿ ನಂದೀಶ ಸೋಫಾದ ಮೇಲೆ ಉರುಳಾಡಿ ನಕ್ಕ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನಿನ್ನ ಟೀಚರ್ ಪೆನ್ನು ಹೊರಗೆ ತೆಗೆಯಬೇಡ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಫೋನ್ ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಭಾವ ಒಂದು ಕಡೆ, ಪಕ್ಕದ ಮನೆಯವರು ಒಂದು ಕಡೆ. ಇಲ್ಲಿರುವ ನಮ್ಮ ಚಂದ್ರಿಕಾ ಆಂಟಿ ಮುಂದಿನ ವಾರ ಧಾರವಾಡಕ್ಕೆ ಹೊರಟಿದ್ದಾರೆ. ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕು ಎಂದು ಅವರಿಂದ ಆಣೆ ಮಾಡಿಸಿಕೊಂಡಿದ್ದೇನೆ.

ಈಗ ಕೂತುಕೊಂಡು ಓದು. ಅಕ್ಕಾ, ನನ್ನ ಹತ್ತಿರ ಒಂದು ಬಂದೂಕು ಇದೆ!

ನಿಜವಾದದ್ದು. ಜೋಡುನಳಿಗೆಯದು. ತಾಳಿ ಕಟ್ಟಿದ ಮೇಲೆ ನಂದೀಶ ನನಗೆ ಕೊಟ್ಟ ಮೊದಲ ಉಡುಗೊರೆ ಅದು. ಬೇರೆ ಹುಡುಗಿಯರಿಗೆ ಬಳೆ ಸಿಗುತ್ತವೆ, ನನಗೆ ಹದಿನಾರು ಗೇಜಿನ ಶಾಟ್‌ಗನ್! ಅವ್ವನಿಗೆ ಸದ್ಯಕ್ಕೆ ಹೇಳಬೇಡ. ನಾನು ಅವನನ್ನು ಹೆಸರು ಹಿಡಿದು ಕರೆಯುತ್ತೇನೆ ಅನ್ನುವುದನ್ನೇ ಆಕೆ ಇನ್ನೂ ಅರಗಿಸಿಕೊಂಡಿಲ್ಲ.

ಅದು ಬಂದದ್ದು ಹೀಗೆ. ನಂದೀಶ ಹಾಲು ಕರೆಯುವ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್ ಎಂದು ನಿನಗೆ ಗೊತ್ತೇ ಇದೆ. ಯಂತ್ರ ನೋಡಲು ಹೋಗಿ ಹೋಗಿ ರಾಗ್ಲನ್ ಕಡೆಯ ಗುಡ್ಡಗಳಲ್ಲಿ ದನ ಸಾಕುವ ರಾಸ್ ಎಂಬ ಮುದುಕ ಅವನಿಗೆ ದೋಸ್ತನಾದ. ಬೇಟೆ ಕಲಿಸಿದವನೂ ಅವನೇ. ನಂದೀಶನ ಬಳಿ ಹನ್ನೆರಡು ಗೇಜಿನ ಹೊಸ ಬಂದೂಕಿದೆ, ಕಾರಿನ ಹಾಗೆ ಹೊಳೆಯುತ್ತದೆ. ಜನವರಿಯಲ್ಲಿ ನನ್ನನ್ನೂ ಕರೆದುಕೊಂಡು ಹೋದ. ರಾಸ್ ಅಂಕಲ್ ಒಳಗಿನಿಂದ ಒಂದು ಉದ್ದನೆಯ ಚರ್ಮದ ಚೀಲ ತಂದು ಟೇಬಲ್ಲಿನ ಮೇಲೆ ಬಿಚ್ಚಿದ. ತೀರಿಹೋದ ಅವನ ಹೆಂಡತಿ ನೋಲೀನಳದು. ಅವಳ ಗಿಡ್ಡ ತೋಳಿಗೆ ಸರಿಯಾಗಲಿ ಎಂದು ಹಿಂದಿನ ಮರದ ಭಾಗವನ್ನು ಅವನೇ ಕೊಯ್ದು ಮೊಟಕು ಮಾಡಿದ್ದನಂತೆ. ನಂದೀಶ ಅದನ್ನು ಭುಜಕ್ಕಿಟ್ಟ, ಅವನ ಹೆಬ್ಬೆರಳು ಅವನದೇ ಮೂಗಿಗೆ ತಾಗಿತು. ಆಮೇಲೆ ನನ್ನ ಕೈಗೆ ಕೊಟ್ಟರು. ಅಕ್ಕಾ, ಮದುವೆಗೆ ಹೊಲಿಸಿದ ನನ್ನ ಬ್ಲೌಸ್ ಕೂಡ ಅಷ್ಟು ಸರಿಯಾಗಿ ಕೂತಿರಲಿಲ್ಲ!

"ಇದು ಮಾರಾಟಕ್ಕಿಲ್ಲ" ಎಂದ ರಾಸ್ ಅಂಕಲ್. ನಂತರ ನನ್ನನ್ನು ನೋಡಿ, "ಇವಳು ಇದನ್ನು ಹೊತ್ತು ಗುಡ್ಡದಲ್ಲಿ ನಡೆಯುತ್ತಾಳೆ ಅನ್ನುವುದಾದರೆ ಮಾತ್ರ ಕೊಡುತ್ತೇನೆ" ಎಂದ.

"ನಡೀತೀಯೇನ?" ಎಂದು ನಂದೀಶ ಕೇಳಿದ. ಮೂರ್ಖ ಪ್ರಶ್ನೆ. ನಾನು ಆಗಲೇ ಅಂಗಳದಲ್ಲಿದ್ದೆ. ನನ್ನ ಲೈಸೆನ್ಸ್ ಬಂದ ಮೇಲೆ ನಂದೀಶ ಹಣ ತೆತ್ತು ಅದನ್ನು ನನಗೆ ಕೊಡಿಸಿದ.

ಗೇಜು ಅಂದರೆ ಏನು ಎಂದು ನನಗೂ ಗೊತ್ತಿರಲಿಲ್ಲ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಅಂಥ ಒಂದು ಗುಂಡು ಹಿಡಿಸುವ ನಳಿಗೆ ಹನ್ನೆರಡು, ಹದಿನಾರು ಮಾಡಿದರೆ ಹದಿನಾರು. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಇಲ್ಲಿ ಎಲ್ಲರ ಬಳಿಯೂ ಹನ್ನೆರಡೇ. ಅದು ಹೊತ್ತರೆ ಭಾರ, ಹೊಡೆದರೆ ಭುಜಕ್ಕೆ ಒದೆ. ಹೊಸದಾಗಿ ಕಲಿಯುವವರಿಗೆ ಇಪ್ಪತ್ತು ಕೊಡುತ್ತಾರೆ, ಅದು ಹಗುರ, ಆದರೆ ದೂರದ ಹಕ್ಕಿಗೆ ಸಾಲದು. ನಡುವೆ ಈ ಹದಿನಾರು, ಎಲ್ಲರೂ ಮರೆತದ್ದು. ಬೆಳಗಿನಿಂದ ಮಧ್ಯಾಹ್ನದವರೆಗೆ ಗುಡ್ಡ ಹತ್ತಿಳಿದರೂ ತೋಳು ನೋಯುವುದಿಲ್ಲ. ಹಕ್ಕಿ ಎದ್ದಾಗ ಅದು ತಾನಾಗಿಯೇ ಭುಜಕ್ಕೆ ಬರುತ್ತದೆ, ಕಂಕುಳಲ್ಲಿದ್ದ ಮಗು ಹೆಗಲಿಗೆ ಬರುವ ಹಾಗೆ. ಕೆನ್ನೆ ಒರಗುವ ಕಡೆ ಮರ ಸವೆದು ನುಣುಪಾಗಿದೆ. ಅದು ನೋಲೀನಳ ಕೆನ್ನೆ. ಈಗ ನನ್ನದು.

ತೊಂದರೆ ಒಂದೇ, ಕಾಡತೂಸು ಸಿಗುವುದಿಲ್ಲ. ಹ್ಯಾಮಿಲ್ಟನ್ನಿನಲ್ಲಿ ಕೇಳಿದೆವು, ತಲೆ ಅಲ್ಲಾಡಿಸಿದರು. ಕೊನೆಗೆ ಆಕ್ಲೆಂಡಿನ ಒನೆಹುಂಗಾದಲ್ಲಿ ಒಂದು ಹಳೆಯ ಅಂಗಡಿ ಇದೆಯೆಂದು ತಿಳಿದು ಅಲ್ಲಿಗೆ ಹೋದೆವು. "ಹದಿನಾರಾ?" ಎಂದು ಅಂಗಡಿಯವನು ಕನ್ನಡಕ ತೆಗೆದ. ಒಳಗೆ ಹೋಗಿ ಬಣ್ಣ ಹೋದ ಕೆಲವು ರಟ್ಟಿನ ಡಬ್ಬಿಗಳನ್ನು ಧೂಳು ಊದುತ್ತ ತಂದ. ಅಲ್ಲೇ ಮೀನಿನ ಗಾಳ ನೋಡುತ್ತಿದ್ದ ಅಪರಿಚಿತ ಅಜ್ಜ ಬಂದು ನನ್ನ ಕೈ ಕುಲುಕಿದ. "ನನ್ನ ಬಳಿಯೂ ಒಂದಿದೆ" ಎಂದು ಮೆಲ್ಲಗೆ ಹೇಳಿದ, ಗುಟ್ಟಿನ ಸಂಘದ ಸದಸ್ಯನ ಹಾಗೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಡಬ್ಬಿಗಳನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ನಂದೀಶ ನನ್ನನ್ನೇ ನೋಡಿ ನೋಡಿ ನಗುತ್ತಿದ್ದ. ಅಷ್ಟು ಸುಖದ ದಿನ ನನ್ನ ಜೀವನದಲ್ಲಿ ಬಂದಿರಲಿಲ್ಲ.

ಲೈಸೆನ್ಸಿಗೆ ಮೊದಲು ಮನೆಗೆ ಒಬ್ಬ ಅಧಿಕಾರಿ ಬಂದು ನಂದೀಶನನ್ನು ಬೇರೆಯಾಗಿ ಕೂರಿಸಿ ವಿಚಾರಿಸಿದರು. ಇಲ್ಲಿ ಗಂಡನಿಗೆ ಬಂದೂಕು ಬೇಕಾದರೆ ಹೆಂಡತಿಯನ್ನು ಕೇಳುತ್ತಾರೆ, ಹೆಂಡತಿಗೆ ಬೇಕಾದರೆ ಗಂಡನನ್ನು. "ನಿಮ್ಮ ಹೆಂಡತಿಯ ಕೈಯಲ್ಲಿ ಬಂದೂಕು ಇರುವುದು ನಿಮಗೆ ಒಪ್ಪಿಗೆಯೇ, ಭಯವಿಲ್ಲವೇ?" ಎಂದರಂತೆ. "ಜಿರಲೆ ಕಂಡರೆ ಕುರ್ಚಿ ಹತ್ತುತ್ತಾಳೆ, ಏನು ಭಯ?" ಎಂದನಂತೆ ಇವನು. ಇಬ್ಬರೂ ನಕ್ಕದ್ದು ನನಗೆ ಬಚ್ಚಲುಮನೆಯವರೆಗೂ ಕೇಳಿತು. ನಾನೂ ನಕ್ಕೆ.

ಆಗ ಎಷ್ಟು ನಗುತ್ತಿದ್ದೆವು! ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಲು ಬಾರದೆ ನಾನು ಬೆವರಿದ್ದೆ, ನೀನು ಹಿಂದಿನಿಂದ ಕಿವಿಯಲ್ಲಿ ಹೇಳಿಕೊಟ್ಟಿದ್ದೆ, ನೆನಪಿದೆಯಾ? ಆ ಕಲೆ ನನಗೆ ಬರಲಿಲ್ಲ, ಅವನಿಗೆ ಹತ್ತಿಬಿಟ್ಟಿತು. ಇಲ್ಲಿಗೆ ಬಂದ ಮೊದಲ ಬೆಳಗಿನಿಂದ ಚಹಾದ ಕಪ್ಪು ಹಿಡಿದು ನನ್ನ ಹೆಸರಿಗೆ ಒಂದು ಒಡಪು ಹೇಳದೆ ಅವನು ಗುಟುಕು ಕುಡಿದವನಲ್ಲ.

"ರೊಟೊಟೂನದಾಗ ಮಂಜ ಬಿದ್ದೈತಿ, ಚಹಾದಾಗ ಶುಂಠಿ ಕುದ್ದೈತಿ, ಮಲಗೇನಂದ್ರೂ ನನ್ನ ಮನಸ ಮೇಧಾನ ಹೆಸರಿಗೆ ಎದ್ದೈತಿ!"

ಕೇಳುವವರು ಯಾರೂ ಇಲ್ಲದ ಅಡುಗೆಮನೆಯಲ್ಲಿ, ಬರೀ ನನಗಾಗಿ. ಆಫೀಸಿನಲ್ಲೂ ಹೇಳಿ ಹೇಳಿ ಹುಬ್ಬಳ್ಳಿಯ ಶೌಕತ್ ಎನ್ನುವ ಗೆಳೆಯನ ತಲೆ ತಿನ್ನುತ್ತಿದ್ದನಂತೆ.

ಒಲೆ ಮೇಲೆ ಹಾಲಿದೆ, ಬಂದೆ.

ಶುಕ್ರವಾರ

ಹಾಲು ಉಕ್ಕಿಹೋಯಿತು. ನಿನ್ನೆಯೆಲ್ಲ ಪೆನ್ನು ಹಿಡಿಯಲು ಆಗಲಿಲ್ಲ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದೆ. ಚಳಿಗಾಲ ಕಾರಣ ಇರಬೇಕು. ಇಲ್ಲಿ ಜುಲೈ ಅಂದರೆ ಗಡಗಡ ಚಳಿ, ಐದಕ್ಕೆಲ್ಲ ಕತ್ತಲು.

ಹೋದ ಶನಿವಾರದ ವಿಷಯ ಹೇಳುತ್ತೇನೆ. ಫೆಸೆಂಟ್ ಹಕ್ಕಿಯ ಬೇಟೆಯಲ್ಲಿ ಎಲ್ಲರೂ ಸಾಲಾಗಿ ನಡೆಯುತ್ತೇವೆ. ರಾಸ್ ಅಂಕಲ್‌ನ ನಾಯಿ ಬಿಸ್ಕಿಟ್ ಮುಳ್ಳುಪೊದೆಗಳಲ್ಲಿ ಮೂಗು ತೂರಿಸಿ ಹಕ್ಕಿ ಎಬ್ಬಿಸುತ್ತದೆ. ಯಾರ ಮುಂದೆ ಎದ್ದಿತೋ ಹಕ್ಕಿ ಅವರದು, ಉಳಿದವರು ಕಾಯಬೇಕು. ಅವರ ಎರಡೂ ಗುಂಡು ತಪ್ಪಿ ಹಕ್ಕಿ ನಮ್ಮ ಕಡೆ ತಿರುಗಿದರೆ ಮಾತ್ರ ನಾವು ಹೊಡೆಯಬಹುದು. ಅಂದು ಎಡಗಡೆ ನಂದೀಶ, ನಡುವೆ ರಾಸ್ ಅಂಕಲ್, ಬಲಗಡೆ ನಾನು. ಶೌಕತ್ ಭಾಯಿ ನಮ್ಮ ಹಿಂದೆ.

ನಂದೀಶನ ಕಾಲ ಬುಡದಿಂದಲೇ ಫೆಸೆಂಟ್ ಹುಂಜ ಕಿರುಚುತ್ತ ಎದ್ದಿತು. ಕೆಂಪು, ತಾಮ್ರ, ಹಸಿರು, ಅಷ್ಟುದ್ದ ಬಾಲ. ಅವನು ಹೊಡೆದ. ಮತ್ತೆ ಹೊಡೆದ. ಹಕ್ಕಿ ಗಾಳಿಗೆ ವಾಲಿ ನಮ್ಮ ತಲೆಯ ಮೇಲೆ ತಿರುಗಿ ಬಲಕ್ಕೆ ಬಂತು. ಬಹಳ ಎತ್ತರದಲ್ಲಿತ್ತು. ಆ ಕ್ಷಣದಲ್ಲಿ ನನಗೆ ನೆನಪಾದದ್ದು ನೀನು! ನೀನು ಕಾಲೇಜಿನ ಕೇರಂ ಕಪ್ ಗೆದ್ದ ವರ್ಷ ನನಗೆ ಹೇಳಿಕೊಟ್ಟಿದ್ದೆಯಲ್ಲ, ಕಾಯಿ ನೋಡಬೇಡ, ಕಾಯಿ ಹೋಗುವ ದಾರಿ ನೋಡು ಅಂತ. ಹಕ್ಕಿ ಎಲ್ಲಿಗೆ ಹೋಗುತ್ತದೋ ಅಲ್ಲಿ ನೋಡಿದೆ. ಹದಿನಾರು ಭುಜಕ್ಕೆ ಬಂದದ್ದು ಗೊತ್ತಾಗಲಿಲ್ಲ, ಟ್ರಿಗರ್ ಎಳೆದದ್ದೂ ಗೊತ್ತಾಗಲಿಲ್ಲ. ಹಕ್ಕಿ ಗಾಳಿಯಲ್ಲೇ ಮಡಚಿಕೊಂಡು ಬಿತ್ತು. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ, ಅಕ್ಕಾ, ಎದೆಯಲ್ಲಿ ಏನೋ ನೆಟ್ಟಗೆ ಎದ್ದು ನಿಂತ ಹಾಗಾಯಿತು. ಪರೀಕ್ಷೆಯಲ್ಲಿ ಫಸ್ಟ್ ಬಂದಾಗಲೂ, ವೀಸಾ ಬಂದಾಗಲೂ ಹಾಗಾಗಿರಲಿಲ್ಲ. ಇದು ನನಗೆ ಬರುತ್ತದೆ, ಇದು ನನ್ನ ಕೆಲಸ, ಎಂದು.

(ಈಗ ನೀನು ಭಾವನ ಕೈಯಲ್ಲೇ ಸೋಲುತ್ತೀಯ ಬಿಡು! ನನ್ನ ಮದುವೆಯ ಹಿಂದಿನ ದಿನ ರಾಣಿ ಕಾಯಿ ಕಿಸೆಯ ಬಾಯಲ್ಲೇ ಕೂತಿತ್ತು, ಪೂರ್ವಿ ಊದಿದ್ದರೂ ಬೀಳುತ್ತಿತ್ತು, ನಿನಗೆ ತಪ್ಪಿತು. ಸಂಸಾರ ಮಾಡಿ ಬೆರಳಿಗೆ ತುಕ್ಕು ಹಿಡಿದಿದೆ ಎಂದು ನಾನು ಎಲ್ಲರೆದುರು ಚೇಷ್ಟೆ ಮಾಡಿದ್ದೆ.)

ಬಿಸ್ಕಿಟ್ ಹಕ್ಕಿಯನ್ನು ಕಚ್ಚಿಕೊಂಡು ಬಂತು. ನಂದೀಶ ಕೈ ಚಾಚಿದ. ಅದು ಅವನನ್ನು ದಾಟಿ ಬಂದು ನನ್ನ ಬೂಟಿನ ಮೇಲೆ ಇಟ್ಟಿತು.

ಆಮೇಲೆ ಯೂಟ್ ಎನ್ನುವ ತೆರೆದ ಗಾಡಿಯ ಹಿಂದೆ ಚಹಾ ಕುಡಿಯುವಾಗ ಶೌಕತ್ ಭಾಯಿ ಶುರು ಮಾಡಿದರು. "ಲೇ ನಂದ್ಯಾ! ನಿನ್ನ ಎರಡ ಗುಂಡು ಮೋಡಕ್ಕ, ಭಾಭಿದು ಒಂದ ಗುಂಡು ಹಕ್ಕಿಗೆ! ಇನ್ನ ಮುಂದ ನೀ ಚೀಲಾ ಹಿಡಿ, ಅವ್ರು ಬಂದೂಕ ಹಿಡೀಲಿ."

"ಹಿಡೀತೇನಿ ಬಿಡೋ" ಎಂದ ನಂದೀಶ, ನಗುತ್ತಲೇ.

"ಹಂಗಂದ್ರ ಆಗೂದಿಲ್ಲ. ದಿನಾ ಆಫೀಸಿನ್ಯಾಗ ಒಡಪ ಹೇಳಿ ತಲಿ ತಿಂತೀಯಲ್ಲ, ಇವತ್ತ ಹೇಳ. ಹಕ್ಕಿ ಹೊಡದ ಹೆಂಡ್ತಿ ಮ್ಯಾಲ ಒಂದು!"

ನಾನು ಕಾದೆ. ಕಪ್ಪು ಎರಡೂ ಕೈಯಲ್ಲಿ ಹಿಡಿದು, ಮುಖವೆಲ್ಲ ಕಿವಿಯಾಗಿ ಕಾದೆ.

"ಚಹಾ ಆರತೈತಿ, ಕುಡೀರಿ" ಎಂದ ನಂದೀಶ.

ರಾಸ್ ಅಂಕಲ್‌ಗೆ ಕನ್ನಡ ಎಲ್ಲಿ ತಿಳಿಯಬೇಕು. ಅವನು ತನ್ನ ಲಹರಿಯಲ್ಲಿದ್ದ. "ನಾನೂ ನೋಲೀನಳೂ ಜೊತೆಗೇ ಮುದುಕರಾದೆವು ಈ ಗುಡ್ಡದಲ್ಲಿ. ಅವಳದು ಭಾರಿ ಗುರಿ. ಆದರೂ ಪ್ರತಿ ಸೀಸನ್ ಮುಗಿದಾಗ ಲೆಕ್ಕ ಹಾಕಿದರೆ ನನ್ನದೇ ಒಂದು ಹಕ್ಕಿ ಮುಂದು!" ಎಂದು ಎದೆ ತಟ್ಟಿಕೊಂಡ. ಎಷ್ಟು ಮುದ್ದಾಗಿ ಹೇಳಿದ ಗೊತ್ತಾ.

ಮನೆಗೆ ಬರುವಾಗ ನಂದೀಶನೇ ಮಾತು ತೆಗೆದ.

"ಗಾಳಿ ನಿನ್ನ ಕಡಿಗೆ ಇತ್ತು."

"ಹೌದು."

"ಹಕ್ಕಿನೂ ನನ್ನ ಗುಂಡಿನ ಸಪ್ಪಳಕ್ಕ ಹೆದರಿತ್ತು. ದಿಕ್ಕ ತಪ್ಪಿತ್ತು."

"ಹೌದ ನೋಡು."

"ಹದಿನಾರರ ಕಾಡತೂಸಿನ್ಯಾಗಿನ ಚರಿ ಕಾಳ ಚಂದ ಹರಡತಾವ. ಅದು ಬಂದೂಕಿನ ಗುಣಾ."

ಅದಕ್ಕೂ ಹೌದು ಎಂದೆ. ಅವನು ಕೆಟ್ಟವನಲ್ಲ, ನಿನಗೆ ಹಾಗೆ ಅನ್ನಿಸಬಾರದು. ಆ ಸಂಜೆ ನಾನು ಅವ್ವ ಜವಾರಿ ಕೋಳಿಗೆ ಹಾಕುತ್ತಿದ್ದ ಶೇಂಗಾ, ಗುರೆಳ್ಳಿನ ಮಸಾಲೆ ಅರೆದು ಹಕ್ಕಿ ಬೇಯಿಸಿದೆ. ಎರಡು ಸಲ ಬಡಿಸಿಕೊಂಡು ತಿಂದ. ಪಾತ್ರೆ ತೊಳೆದ. ಆದರೆ ಪ್ರತಿ ಸಲ ಇಬ್ಬರೂ ಪೇಪರ್ ಹಾಸಿಕೊಂಡು ಕೂತು ಬಂದೂಕು ಒರೆಸುತ್ತಿದ್ದೆವು, ನಳಿಗೆಯೊಳಗೆ ಇಣುಕಿ ಒಬ್ಬರ ಕಣ್ಣು ಒಬ್ಬರು ನೋಡಿ ನಗುತ್ತಿದ್ದೆವು. ಅಂದು ಅವನು ತನ್ನದನ್ನು ಗ್ಯಾರೇಜಿನಲ್ಲಿ ಒಬ್ಬನೇ ಒರೆಸಿದ.

ಮರುದಿನ ಚಹಾ ಕೊಟ್ಟೆ. ಕುಡಿದ. ಸೋಮವಾರ ಕೊಟ್ಟೆ. ಕುಡಿದ. ಒಡಪು ಇಲ್ಲ. ನಾನೇ ಒಂದು ಹೇಳೋಣ ಎಂದು ಬಾಯಿ ತೆರೆದೆ, ನಿನ್ನ ತಂಗಿಗೆ ಪ್ರಾಸ ಎಲ್ಲಿ ಸಿಗಬೇಕು. ಈಗ ಬೆಳಿಗ್ಗೆ ಎದ್ದ ಕೂಡಲೇ ಅವನು ಕಪ್ಪು ಎತ್ತುವುದನ್ನೇ ನೋಡುತ್ತ ನಿಲ್ಲುತ್ತೇನೆ. ಮೊದಲ ಗುಟುಕಿನ ಸದ್ದು ಕೇಳಿದರೆ ಇಡೀ ದಿನ ಹಾಳು.

ಮಂಗಳವಾರ ರೊಟ್ಟಿ ಬೇಯಿಸುವಾಗ ಹಿಂದೆ ಬಂದು ನಿಂತು, "ಆ ಹದಿನಾರು ಮಾರಿಬಿಡೂಣೇನು?" ಎಂದ. ಹಂಚಿನ ಮೇಲಿನ ರೊಟ್ಟಿ ಅಲ್ಲೇ ಕರಕಾಯಿತು.

"ಯಾಕ?"

"ಕಾಡತೂಸ ಸಿಗೂದಿಲ್ಲ. ಹಳೇ ಮಾಲು. ನಿನಗೊಂದು ಹೊಸಾ ಇಪ್ಪತ್ತು ಕೊಡಸ್ತೇನಿ."

"ಅದು ನೀ ಕೊಟ್ಟದ್ದಲ್ಲೋ."

"ಕೊಟ್ಟಾಂವನ ಹೇಳಾಕತ್ತೇನಿ."

ನಾನು ಕರಕಾದ ರೊಟ್ಟಿ ತೆಗೆದು ಬದಿಗಿಟ್ಟೆ. ಸೀಸನ್ ಮುಗಿಯಲಿ, ಆಮೇಲೆ ನೋಡೋಣ ಎಂದು ಅವನೇ ಮಾತು ಮುಗಿಸಿದ. ನಾಳೆ ಬೆಳಿಗ್ಗೆ ಮತ್ತೆ ರಾಸ್ ಅಂಕಲ್ ಗುಡ್ಡಕ್ಕೆ ಹೊರಟಿದ್ದೇವೆ. ನನಗೆ ಹೋಗಬೇಕು. ಕಾಲು ನಿಲ್ಲುತ್ತಿಲ್ಲ, ಈಗಲೇ ಬೂಟು ತೆಗೆದಿಟ್ಟಿದ್ದೇನೆ. ಹೋಗಬಾರದು ಎಂದೂ ಅನ್ನಿಸುತ್ತದೆ. ನಾಳೆ ಅವನ ಗುಂಡು ಒಂದಾದರೂ ತಾಗಲಿ ಎಂದು ದೇವರಿಗೆ ದೀಪ ಹಚ್ಚಿದೆ. ಬೇಟೆಗೆ ದೀಪ ಹಚ್ಚಿದವಳು ನಾನೊಬ್ಬಳೇ ಇರಬೇಕು!

ಇದೆಲ್ಲ ಸಣ್ಣ ವಿಷಯ, ನೀನು ಚಿಂತೆ ಮಾಡಬೇಡ. ನಾನು ಬಹಳ, ಬಹಳ ಸುಖವಾಗಿದ್ದೇನೆ. ಭಾವನ ಮೊಣಕಾಲು ನೋವು ಹೇಗಿದೆ? ಪೂರ್ವಿಗೆ ಇಲ್ಲಿಂದ ಫೆಸೆಂಟಿನ ಒಂದು ಉದ್ದನೆಯ ಗರಿ ಕಳಿಸಬೇಕೆಂದಿದ್ದೆ, ವಿಮಾನದಲ್ಲಿ ತರಲು ಬಿಡುವುದಿಲ್ಲವಂತೆ ಎಂದು ಚಂದ್ರಿಕಾ ಆಂಟಿ ಹೆದರಿದರು. ಬದಲಿಗೆ ಚಾಕೊಲೇಟ್ ಇಟ್ಟಿದ್ದೇನೆ. ಆ ಕೂಸು ನೂರು ವರ್ಷ ಜಿಗಿದಾಡಿಕೊಂಡಿರಲಿ, ಮನೆ ತುಂಬ ನಗು ಇರಲಿ. ದೊಡ್ಡವಳು ನೀನು, ನನ್ನ ತಲೆಯ ಮೇಲೊಮ್ಮೆ ದೂರದಿಂದಲೇ ಕೈ ಇಡು.

ನಿನ್ನ
ಮೇಧಿ

ತಾ.ಕ. ಭಾನುವಾರ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ನಿನ್ನೆ ಗುಡ್ಡಕ್ಕೆ ಹೋದೆವು. ದೀಪ ಫಲಿಸಿತು, ಬೆಳಿಗ್ಗೆಯೇ ನಂದೀಶನಿಗೆ ಒಂದು ಹಕ್ಕಿ ಸಿಕ್ಕಿತು. ಅವನ ಬೆನ್ನು ಸೆಟೆದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಆಮೇಲೆ ಅದೇ ಕಣಿವೆಯಲ್ಲಿ, ಈ ಸಲ ನನ್ನ ಕಾಲ ಬುಡದಿಂದ, ಹುಂಜ ಎದ್ದಿತು. ನೆಟ್ಟಗೆ, ನಿಧಾನವಾಗಿ, ಬೆಳಕಿಗೆ ಎದುರಾಗಿ. ಅದಕ್ಕಿಂತ ಸುಲಭದ ಹಕ್ಕಿ ಇರುವುದಿಲ್ಲ. ಹದಿನಾರು ಭುಜಕ್ಕೆ ಬಂತು. ಅದು ಹೋಗುವ ದಾರಿ ನನಗೆ ಗೆರೆ ಎಳೆದ ಹಾಗೆ ಕಂಡಿತು. ಎಡಗಣ್ಣಿನ ಅಂಚಿನಲ್ಲಿ ನಂದೀಶ ಕಂಡ, ಬಂದೂಕು ಇಳಿಸಿ ನನ್ನನ್ನೇ ನೋಡುತ್ತ ನಿಂತಿದ್ದ. ನಾನು ನಳಿಗೆಯನ್ನು ಹಕ್ಕಿಗಿಂತ ಒಂದು ಗೇಣು ಹಿಂದೆ ಉಳಿಸಿದೆ. ಬೇಕಂತಲೇ ಉಳಿಸಿದೆ ಅಕ್ಕಾ. ಎರಡೂ ಗುಂಡು ಹೊಡೆದೆ, ಎರಡೂ ಗಾಳಿಗೆ. ಹಕ್ಕಿ ಗುಡ್ಡ ದಾಟಿ ಹೋಯಿತು.

ಅವನು ಓಡಿ ಬಂದ. ಎಷ್ಟು ಪ್ರೀತಿಯಿಂದ ಓಡಿ ಬಂದ! ನನ್ನ ಟೊಪ್ಪಿಗೆ ಸರಿಮಾಡಿ, "ಇರಲಿ ಬಿಡ, ಕಲೀತಿ, ಇನ್ನೂ ಟೈಮ್ ಐತಿ" ಎಂದ. ಶೌಕತ್ ಭಾಯಿಯನ್ನು ಕರೆದು, ಎಲ್ಲರೆದುರು, ಕೈ ಮೇಲೆತ್ತಿ ಹೇಳಿದ:

"ಹಕ್ಕಿ ಹೋತು ಗುಡ್ಡದ ಆಚಿ, ಗುಂಡ ಹೋತು ಹಕ್ಕಿಯ ಈಚಿ, ನಡುವ ನಿಂತಾಳ ನನ್ನ ಮೇಧಾ ಮಾರಿ ತುಂಬ ನಾಚಿ!"

ಶೌಕತ್ ಭಾಯಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬರುವ ದಾರಿಯುದ್ದಕ್ಕೂ ನಂದೀಶ ಹಾಡುತ್ತ ಗಾಡಿ ಓಡಿಸಿದ. ಹದಿನಾರು ಮಾರುವ ಮಾತು ಇನ್ನು ಇಲ್ಲ. ಇವತ್ತು ಬೆಳಿಗ್ಗೆ ಚಹಾಕ್ಕೆ ಎರಡು ಒಡಪು ಬಂದವು. ನಾನು ಕೇಳಬೇಕೆಂದು ವಾರವೆಲ್ಲ ಕಾದದ್ದು ಅದೇ. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಹೊರಡುವಾಗ ರಾಸ್ ಅಂಕಲ್ ನನ್ನನ್ನು ಸಮಾಧಾನ ಮಾಡಲು ಬಂದ. "ಬೇಜಾರಾಗಬೇಡ. ನೋಲೀನಳೂ ಥೇಟ್ ಹೀಗೆಯೇ. ಒಬ್ಬಳೇ ಹೋದ ದಿನ ಎಂಥ ಎತ್ತರದ ಹಕ್ಕಿಯನ್ನೂ ತರುತ್ತಿದ್ದಳು. ನಾನು ಪಕ್ಕದಲ್ಲಿದ್ದಾಗ ಕಾಲಡಿಯಿಂದ ಎದ್ದ ಸುಲಭದ್ದೇ ಅವಳಿಗೆ ತಪ್ಪುತ್ತಿತ್ತು. ಯಾಕೆ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ" ಎಂದ. ನಾನು ಬಂದೂಕಿನ ಸವೆದ ಮರವನ್ನು ಸವರುತ್ತ ನಿಂತೆ.

ಬೆರಳು ಇನ್ನೂ ತುರಿಸುತ್ತಿದೆ. ಮುಂದಿನ ಶನಿವಾರ ಮತ್ತೆ ಹೊರಟಿದ್ದೇವೆ.

ಅಕ್ಕಾ, ನನ್ನ ಮದುವೆಯ ಹಿಂದಿನ ದಿನ ರಾಣಿ ಕಾಯಿ ಕಿಸೆಯ ಬಾಯಲ್ಲೇ ಇತ್ತು. ಭಾವ ನಿನ್ನ ಎದುರಿಗೆ ಕೂತಿದ್ದರು. ಫೋನಿನಲ್ಲಿ ಹೇಳಬೇಡ, ಚಂದ್ರಿಕಾ ಆಂಟಿ ವಾಪಸ್ ಬರುವಾಗ ಎರಡು ಸಾಲು ಕನ್ನಡ ಬರೆದು ಕಳಿಸು. ನೀನು ಕೊನೆಯ ಸಲ ಗುರಿಯಿಟ್ಟು ನಿಜವಾಗಿ ಹೊಡೆದದ್ದು ಯಾವಾಗ?